ಎಫ್‌ಐಆರ್ ಪ್ರತಿಯೇ ಪರಿಹಾರದ ಅರ್ಜಿಯಾಗಲಿ

ಯಾವುದೇ ಜಿಲ್ಲಾಸ್ಪತ್ರೆಯ ಮೂಳೆ ವಾರ್ಡಿಗೆ ಹೋದರೂ ಒಂದು ಮಾತು ಕಿವಿಗೆ ಬೀಳುತ್ತದೆ: ‘ಕ್ಲೈಮ್ ಹಾಕಿದ್ರಾ?’ ಲಾರಿ ಗುದ್ದಿ ಕಾಲು ಮುರಿದುಕೊಂಡವನ ಪ್ಲಾಸ್ಟರ್ ಒಣಗುವ ಮೊದಲೇ ನೆಂಟರು, ಪಕ್ಕದ ಹಾಸಿಗೆಯವರು, ಕೆಲವೊಮ್ಮೆ ವಕೀಲರ ಕಡೆಯವರು ಬಂದು ಯಾವ ಕಾಗದ ಬೇಕು, ಎಷ್ಟು ಬರಬಹುದು ಎಂಬ ಲೆಕ್ಕ ಹೇಳಿ ಹೋಗುತ್ತಾರೆ. ಅದೇ ಆಸ್ಪತ್ರೆಯ ಇನ್ನೊಂದು ಕೋಣೆಯಲ್ಲಿ ಅತ್ಯಾಚಾರಕ್ಕೆ ಒಳಗಾದ ಹೆಣ್ಣುಮಗಳೊಬ್ಬಳು ವೈದ್ಯಕೀಯ ತಪಾಸಣೆಗೆ ಕಾಯುತ್ತಿದ್ದರೆ, ‘ನಿನಗೂ ಸರ್ಕಾರದಿಂದ ಪರಿಹಾರ ಬರಬೇಕಮ್ಮ’ ಎಂದು ಹೇಳುವವರು ಅಪರೂಪ.

ಅವಳಿಗೆ ಆ ಹಕ್ಕು ಇದೆ. ಅದಕ್ಕಾಗಿ ಆರೋಪಿಗೆ ಶಿಕ್ಷೆಯಾಗುವ ತನಕ ಕಾಯಬೇಕಾಗಿಯೂ ಇಲ್ಲ.

ಈ ಹಕ್ಕಿನ ಬೇರು ಒಂದು ರೈಲು ಪ್ರಯಾಣದಲ್ಲಿದೆ. 1993ರ ಫೆಬ್ರವರಿಯಲ್ಲಿ ರಾಂಚಿಯಿಂದ ದೆಹಲಿಗೆ ಹೊರಟ ಮುರಿ ಎಕ್ಸ್‌ಪ್ರೆಸ್‌ನಲ್ಲಿ ಮನೆಗೆಲಸ ಮಾಡಿ ಬದುಕುವ ಆರು ಯುವತಿಯರಿದ್ದರು. ಅದೇ ರೈಲಿನಲ್ಲಿದ್ದ ಸೈನಿಕರು ತಮ್ಮ ಮೇಲೆ ಅತ್ಯಾಚಾರ ಎಸಗಿದರು ಎಂಬುದು ಅವರ ದೂರು. ದೆಹಲಿಯ ಮನೆಗೆಲಸದ ಮಹಿಳೆಯರ ಸಂಘಟನೆ ಅವರ ಪರವಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 1994ರ ಅಕ್ಟೋಬರ್‌ನಲ್ಲಿ ಬಂದ ತೀರ್ಪು ದಿನಗೂಲಿಯ ಬದುಕನ್ನು ಬಲ್ಲವರ ಹಾಗೆ ಮಾತಾಡಿತು. ಇಂಥ ಆಘಾತಕ್ಕೆ ಸಿಕ್ಕವಳಿಗೆ ದೊಡ್ಡ ಹಣಕಾಸಿನ ನಷ್ಟವಾಗುತ್ತದೆ, ಕೆಲವರಿಗೆ ಮತ್ತೆ ಕೆಲಸಕ್ಕೆ ಹೋಗುವ ಶಕ್ತಿಯೇ ಉಳಿದಿರುವುದಿಲ್ಲ. ಆದ್ದರಿಂದ ಪರಿಹಾರ ಕೊಡಲು ಒಂದು ಮಂಡಳಿ ಇರಬೇಕು, ಅಪರಾಧ ಸಾಬೀತಾದರೂ ಆಗದಿದ್ದರೂ ಅದು ಹಣ ಕೊಡಬೇಕು ಎಂದು ಕೋರ್ಟ್ ಹೇಳಿತು.

ಆ ಮಾತು ಕಾನೂನಿನ ಪುಸ್ತಕಕ್ಕೆ ಇಳಿಯಲು ಹದಿನೈದು ವರ್ಷ ಹಿಡಿಯಿತು. ದಂಡ ಪ್ರಕ್ರಿಯಾ ಸಂಹಿತೆಯ 357ಎ ಕಲಂ ಜಾರಿಗೆ ಬಂದದ್ದು 2009ರ ಡಿಸೆಂಬರ್ 31ರಂದು. ಕರ್ನಾಟಕ 2011ರಲ್ಲಿ ಸಂತ್ರಸ್ತರ ಪರಿಹಾರ ಯೋಜನೆಯನ್ನು ರೂಪಿಸಿತು. 2024ರ ಜುಲೈ 1ರಿಂದ ಅದೇ ಕಲಂ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಂ ಆಗಿದೆ. ಅಪರಾಧಿ ಯಾರೆಂದೇ ಪತ್ತೆಯಾಗದಿದ್ದರೂ ಸಂತ್ರಸ್ತೆ ಅರ್ಜಿ ಹಾಕಬಹುದು. ಆರೋಪಿ ಖುಲಾಸೆಯಾದರೂ, ಸಂತ್ರಸ್ತೆಗೆ ಪುನರ್ವಸತಿ ಬೇಕು ಎನಿಸಿದರೆ ಕೋರ್ಟ್ ಪರಿಹಾರಕ್ಕೆ ಶಿಫಾರಸು ಮಾಡಬಹುದು. ಅರ್ಜಿ ಬಂದ ಎರಡು ತಿಂಗಳೊಳಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ವಿಚಾರಣೆ ಮುಗಿಸಬೇಕು. ತುರ್ತು ಇದ್ದರೆ ಮಧ್ಯಂತರ ಪರಿಹಾರವನ್ನೂ ಕೊಡಬಹುದು.

ಮೊತ್ತ ಎಷ್ಟು ಎಂಬುದಕ್ಕೆ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2018ರಲ್ಲಿ ಸಿದ್ಧಪಡಿಸಿ, ಸುಪ್ರೀಂ ಕೋರ್ಟ್ ಒಪ್ಪಿದ ಪಟ್ಟಿಯಿದೆ. ಅತ್ಯಾಚಾರಕ್ಕೆ 4ರಿಂದ 7 ಲಕ್ಷ ರೂಪಾಯಿ, ಸಾಮೂಹಿಕ ಅತ್ಯಾಚಾರಕ್ಕೆ 5ರಿಂದ 10 ಲಕ್ಷ, ಆ್ಯಸಿಡ್ ದಾಳಿಯಲ್ಲಿ ಮುಖ ವಿರೂಪವಾಗಿದ್ದರೆ 7ರಿಂದ 8 ಲಕ್ಷ. ಸಂತ್ರಸ್ತೆ ಅಪ್ರಾಪ್ತೆಯಾಗಿದ್ದರೆ ಇದಕ್ಕೆ ಇನ್ನರ್ಧ ಸೇರುತ್ತದೆ. ರಾಜ್ಯಗಳು ಈ ಪಟ್ಟಿಗೆ ಸೇರಿಸಬಹುದೇ ಹೊರತು ಇದರಿಂದ ಕಳೆಯುವಂತಿಲ್ಲ. ಹಣ ಒಮ್ಮೆಗೇ ಕೈಗೆ ಬರುವುದಿಲ್ಲ. ಸಾಮಾನ್ಯವಾಗಿ ಮುಕ್ಕಾಲು ಪಾಲು ಕನಿಷ್ಠ ಮೂರು ವರ್ಷ ಬ್ಯಾಂಕಿನ ಠೇವಣಿಯಲ್ಲಿರುತ್ತದೆ, ಕಾಲು ಪಾಲು ತಕ್ಷಣದ ಖರ್ಚಿಗೆ ಸಿಗುತ್ತದೆ. ಮಕ್ಕಳ ಪ್ರಕರಣಗಳಲ್ಲಿ ಪೋಕ್ಸೊ ವಿಶೇಷ ನ್ಯಾಯಾಲಯವೇ ಮಧ್ಯಂತರ ಪರಿಹಾರ ಘೋಷಿಸಬಹುದು. 2020ರ ನಿಯಮಗಳ ಪ್ರಕಾರ ಸರ್ಕಾರ ಅದನ್ನು ಮೂವತ್ತು ದಿನಗಳಲ್ಲಿ ಪಾವತಿಸಬೇಕು.

ಇಷ್ಟೆಲ್ಲ ಇದ್ದೂ ಜನ ‘ಪರಿಹಾರ’ ಎಂದೊಡನೆ ನೆನೆಯುವುದು ಬೇರೆ ಎರಡು ಬಗೆಯ ಹಣವನ್ನು.

ಒಂದು, ಶಿಕ್ಷೆಯ ಜೊತೆ ಕೋರ್ಟ್ ವಿಧಿಸುವ ದಂಡದಿಂದ ಬರುವ ಹಣ. 2025ರ ಆಗಸ್ಟ್ 2ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಹಾಸನದ ಮಾಜಿ ಸಂಸದ ಪ್ರಜ್ವಲ್ ರೇವಣ್ಣಗೆ ಜೀವಾವಧಿ ಶಿಕ್ಷೆ ವಿಧಿಸಿದಾಗ, ದಂಡದ ಮೊತ್ತದಲ್ಲಿ 11 ಲಕ್ಷ ರೂಪಾಯಿಗೂ ಹೆಚ್ಚು ಹಣವನ್ನು ಸಂತ್ರಸ್ತೆಗೆ ಕೊಡಬೇಕು ಎಂದಿತು. ಆಕೆಯೂ ಮನೆಗೆಲಸ ಮಾಡಿದವರೇ. ಆದರೆ ದಂಡದ ಹಣಕ್ಕೆ ಕಾನೂನಿನಲ್ಲೇ ಒಂದು ತಡೆಯಿದೆ. ಮೇಲ್ಮನವಿಯ ಅವಧಿ ಮುಗಿಯುವ ತನಕ, ಮೇಲ್ಮನವಿ ಸಲ್ಲಿಕೆಯಾದರೆ ಅದು ಇತ್ಯರ್ಥವಾಗುವ ತನಕ, ಅದನ್ನು ಸಂತ್ರಸ್ತೆಗೆ ಕೊಡುವಂತಿಲ್ಲ. ಈ ಪ್ರಕರಣದಲ್ಲೂ ಅಪರಾಧಿ ಹೈಕೋರ್ಟಿಗೆ ಹೋಗಿದ್ದಾರೆ. ಪತ್ರಿಕೆಯ ಮುಖಪುಟದಲ್ಲಿ ದೊಡ್ಡದಾಗಿ ಕಾಣುವ ಮೊತ್ತಕ್ಕೂ ಕೈಗೆ ಬರುವ ದುಡ್ಡಿಗೂ ನಡುವೆ ಹೀಗೆ ವರ್ಷಗಟ್ಟಲೆ ಅಂತರ ಬೀಳಬಹುದು. ಸರ್ಕಾರದ ನಿಧಿಯಿಂದ ಬರಬೇಕಾದ ಪರಿಹಾರಕ್ಕೆ ಈ ಅಡ್ಡಿ ಇಲ್ಲ.

ಇನ್ನೊಂದು, ರಾಜಿಯ ದುಡ್ಡು. ದೂರಿನ ಮಾತು ಎದ್ದ ಕೂಡಲೇ ಊರ ಹಿರಿಯರು ಕೂಡುತ್ತಾರೆ, ಒಂದು ಮೊತ್ತ ನಿಗದಿಯಾಗುತ್ತದೆ, ‘ಕೋರ್ಟು ಕಚೇರಿ ಅಲೆದು ಏನು ಬಂತು, ಹುಡುಗಿಯ ಮುಂದಿನ ಬಾಳು ನೋಡ್ಕೊಳ್ಳಿ’ ಎಂಬ ಬುದ್ಧಿಮಾತೂ ಬರುತ್ತದೆ. ಅತ್ಯಾಚಾರ ಪ್ರಕರಣದಲ್ಲಿ ರಾಜಿ ಸಲ್ಲದು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಮಧ್ಯಪ್ರದೇಶದ ಪ್ರಕರಣವೊಂದರಲ್ಲಿ ಖಡಾಖಂಡಿತವಾಗಿ ಹೇಳಿದೆ. ಆದರೂ ನಾಳೆಯ ಖರ್ಚಿಗೆ ಗತಿಯಿಲ್ಲದ ಮನೆಯಲ್ಲಿ ಆ ದುಡ್ಡು ಗೆಲ್ಲುತ್ತದೆ. ಅದನ್ನು ತೆಗೆದುಕೊಂಡವರು ಸುಮ್ಮನಿರಬೇಕು. ಸರ್ಕಾರದ ಪರಿಹಾರ ತೆಗೆದುಕೊಂಡವರು ಸುಮ್ಮನಿರಬೇಕಿಲ್ಲ. ಅದು ಮೊದಲ ವಾರದಲ್ಲೇ ತಲುಪುತ್ತಿದ್ದರೆ ರಾಜಿಗೆ ಕೂತವರ ಮಾತಿಗೆ ಇಷ್ಟು ತೂಕ ಇರುತ್ತಿರಲಿಲ್ಲ.

ತಡವಾದರೆ ಏನಾಗುತ್ತದೆ ಎಂದು ತಿಳಿಯಲು ನೆರೆಯ ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ವಾಚಾತಿಯನ್ನು ನೋಡಬೇಕು. ಗಂಧದ ಮರದ ಕಳ್ಳಸಾಗಣೆಯ ಶಂಕೆಯ ಮೇಲೆ 1992ರ ಜೂನ್ 20ರಂದು ಅರಣ್ಯ, ಪೊಲೀಸ್, ಕಂದಾಯ ಸಿಬ್ಬಂದಿ ಆ ಬುಡಕಟ್ಟು ಹಳ್ಳಿಗೆ ನುಗ್ಗಿದರು. ಹದಿನೆಂಟು ಮಹಿಳೆಯರ ಮೇಲೆ ಅತ್ಯಾಚಾರ ನಡೆಯಿತು. ಕೆಳಗಿನ ಕೋರ್ಟಿನ ತೀರ್ಪು ಬಂದದ್ದು 2011ರಲ್ಲಿ. ಒಬ್ಬೊಬ್ಬರಿಗೂ 10 ಲಕ್ಷ ರೂಪಾಯಿ ಕೊಡಬೇಕು, ಅದರಲ್ಲಿ ಅರ್ಧವನ್ನು ಅತ್ಯಾಚಾರದ ಅಪರಾಧಿಗಳಿಂದ ವಸೂಲು ಮಾಡಬೇಕು ಎಂದು ಮದ್ರಾಸ್ ಹೈಕೋರ್ಟ್ ಆದೇಶಿಸಿದ್ದು 2023ರ ಸೆಪ್ಟೆಂಬರ್‌ನಲ್ಲಿ. ಆ ದಿನ ಇಪ್ಪತ್ತರ ಹರೆಯದಲ್ಲಿದ್ದವರು ಅಷ್ಟು ಹೊತ್ತಿಗೆ ಐವತ್ತು ದಾಟಿದ್ದರು.

ಗಡಿಯ ಈಚೆ ಮಲೆ ಮಹದೇಶ್ವರ ಬೆಟ್ಟದ ಸುತ್ತಮುತ್ತ ಕಾಡುಗಳ್ಳ ವೀರಪ್ಪನ್ ಬೇಟೆಯ ಕಾಲದಲ್ಲಿ ವಿಶೇಷ ಕಾರ್ಯಪಡೆಯ ಹಿಂಸೆಗೆ ಸಿಕ್ಕವರ ಕಥೆ ಸ್ವಲ್ಪ ಬೇರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ವಿಚಾರಣೆ ನಡೆಸಿತು. ಅದರ ಆಧಾರದ ಮೇಲೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2007ರಲ್ಲಿ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರಕ್ಕೆ ಶಿಫಾರಸು ಮಾಡಿತು. ಆ ಶಿಫಾರಸಿಗೆ ಕ್ರಿಮಿನಲ್ ಕೋರ್ಟಿನ ತೀರ್ಪು ಬೇಕಾಗಲಿಲ್ಲ. ನೊಂದವರ ಹೇಳಿಕೆ, ಗಾಯದ ಗುರುತು, ವಿಚಾರಣಾ ಸಮಿತಿಯ ವರದಿ ಸಾಕಾಯಿತು.

‘ಹೀಗೆ ಕೇಳಿದವರಿಗೆಲ್ಲ ಹಣ ಕೊಟ್ಟರೆ ಸುಳ್ಳು ಕೇಸುಗಳು ಹೆಚ್ಚುವುದಿಲ್ಲವೇ?’ ಎಂಬ ಆಕ್ಷೇಪ ವಕೀಲರ ಕೊಠಡಿಯಿಂದ ಟೀ ಅಂಗಡಿಯ ತನಕ ಇದ್ದೇ ಇದೆ. ಪ್ರಾಧಿಕಾರ ಮೇಲ್ನೋಟದ ವಿಚಾರಣೆ ನಡೆಸಿಯೇ ಹಣ ಕೊಡುವುದು, ದೂರು ಸುಳ್ಳೆಂದು ಸಾಬೀತಾದರೆ ವಾಪಸು ವಸೂಲು ಮಾಡಲು ಯೋಜನೆಯಲ್ಲೇ ಅವಕಾಶವಿದೆ. ಅಪಘಾತದ ಕ್ಲೈಮಿನಲ್ಲೂ ಸುಳ್ಳು ದಾವೆಗಳು ಸಿಕ್ಕಿಬಿದ್ದಿವೆ. ಹಾಗೆಂದು ಕಾಲು ಮುರಿದವನನ್ನು ‘ದುಡ್ಡಿಗಾಗಿ ಲಾರಿಯಡಿ ಬಿದ್ದ’ ಎಂದು ಯಾರೂ ಹಂಗಿಸುವುದಿಲ್ಲ. ಆ ಅನುಮಾನವೆಲ್ಲ ಹೆಣ್ಣಿಗೇ ಮೀಸಲು.

ಅಪಘಾತದ ಕಾನೂನಿನಿಂದ ಕಲಿಯಬೇಕಾದದ್ದು ಇನ್ನೂ ಒಂದಿದೆ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಪೊಲೀಸರು ಕಳಿಸಿದ ಅಪಘಾತದ ವರದಿಯನ್ನೇ ನ್ಯಾಯಮಂಡಳಿ ಪರಿಹಾರದ ಅರ್ಜಿ ಎಂದು ಪರಿಗಣಿಸಬೇಕು. ಇತ್ತ 2018ರ ಯೋಜನೆಯೂ ಇಂಥ ಅಪರಾಧಗಳ ಎಫ್‌ಐಆರ್ ಪ್ರತಿಯನ್ನು ಠಾಣಾಧಿಕಾರಿ ತಕ್ಷಣ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಕಳಿಸುವುದು ಕಡ್ಡಾಯ ಎನ್ನುತ್ತದೆ. ಕಾಗದ ಹೇಗೂ ಪ್ರಾಧಿಕಾರದ ಮೇಜಿಗೆ ಬರಬೇಕು. ಅದನ್ನೇ ಅರ್ಜಿಯೆಂದು ದಾಖಲಿಸಿ, ಮಧ್ಯಂತರ ಪರಿಹಾರದ ಕಡತ ತೆರೆಯಬೇಕು ಎಂದು ರಾಜ್ಯ ಸರ್ಕಾರ ತನ್ನ ಯೋಜನೆಯಲ್ಲಿ ಒಂದು ಸಾಲು ಸೇರಿಸಿದರೆ, ಮೈಮನಸ್ಸು ಜಜ್ಜಿಹೋದವಳು ನಮೂನೆ ಹುಡುಕಿಕೊಂಡು ಅಲೆಯುವುದು ತಪ್ಪುತ್ತದೆ.

ಸಂತ್ರಸ್ತೆ ಕೇಳುವ ತನಕ ಕಾಯಬಾರದು ಎಂಬ ಮಾತು ಕೋರ್ಟುಗಳಿಗೂ ಅನ್ವಯಿಸುತ್ತದೆ. 2024ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ಕೆಳಗಿನ ಕೋರ್ಟ್ ಪರಿಹಾರದ ಸೊಲ್ಲನ್ನೇ ಎತ್ತಿಲ್ಲ ಎಂಬುದು ಸುಪ್ರೀಂ ಕೋರ್ಟಿನ ಗಮನಕ್ಕೆ ಬಂತು. ಮಹಿಳೆಯರು ಮತ್ತು ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದಂಥ ಪ್ರಕರಣಗಳಲ್ಲಿ ಸೆಷನ್ಸ್ ನ್ಯಾಯಾಲಯಗಳು ಪರಿಹಾರಕ್ಕೆ ಆದೇಶಿಸಬೇಕು ಎಂದು ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ನಿರ್ದೇಶನ ಕೊಟ್ಟಿತು. ಕಾನೂನು ಬಂದು ಹದಿನಾಲ್ಕು ವರ್ಷ ಕಳೆದ ಮೇಲೂ ಹೀಗೆ ನೆನಪಿಸಬೇಕಾಯಿತು.

ಗಂಡನ ಮನೆಯಲ್ಲಿ ಹೊಡೆತ ತಿನ್ನುವವಳಿಗೆ ದಾರಿ ಬೇರೆಯಿದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಸಂರಕ್ಷಣಾಧಿಕಾರಿಯ ಮೂಲಕ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಟ್ಟು, ಚಿಕಿತ್ಸೆಯ ಖರ್ಚನ್ನೂ ಮಾನಸಿಕ ಹಿಂಸೆಗೆ ಪರಿಹಾರವನ್ನೂ ಹೊಡೆದವನಿಂದಲೇ ಕೇಳಬಹುದು.

ಎಫ್‌ಐಆರ್ ಪ್ರತಿಯೇ ಅರ್ಜಿ ಎಂಬ ನಿಯಮ ಬರುವ ತನಕ ಸರ್ಕಾರದ ಪರಿಹಾರಕ್ಕೆ ತಾವೇ ಅರ್ಜಿ ಹಾಕುವುದು ಒಳ್ಳೆಯದು. ಅದಕ್ಕೆ ಬೇಕಾದದ್ದು ಒಂದು ನಮೂನೆ, ಎಫ್‌ಐಆರ್ ಅಥವಾ ದೂರಿನ ಪ್ರತಿ, ಸಿಕ್ಕಿದ್ದರೆ ವೈದ್ಯಕೀಯ ವರದಿ. ಘಟನೆ ನಡೆದ ಅಥವಾ ವಿಚಾರಣೆ ಮುಗಿದ ಮೂರು ವರ್ಷದೊಳಗೆ ಕೊಡಬೇಕು. ಪ್ರಾಧಿಕಾರದ ಕಚೇರಿ ಸಾಮಾನ್ಯವಾಗಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. ಮಹಿಳೆಯರಿಗೆ, ಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಕೊಡಬೇಕಾದದ್ದೂ ಅದರ ಕೆಲಸ. ಅಲ್ಲಿಗೆ ಹೋಗಲು ಆಗದವರು 15100ಕ್ಕೆ ಶುಲ್ಕವಿಲ್ಲದೆ ಕರೆ ಮಾಡಬಹುದು. ಹೆಣ್ಣುಮಕ್ಕಳ ತಪಾಸಣೆ ನಡೆಯುವ ಆಸ್ಪತ್ರೆ ಕೋಣೆಯ ಬಾಗಿಲ ಮೇಲೆ ಆ ಐದು ಅಂಕಿಗಳನ್ನು ದೊಡ್ಡದಾಗಿ ಬರೆಸಲು ಆರೋಗ್ಯ ಇಲಾಖೆ ಯಾವ ತಿದ್ದುಪಡಿಗೂ ಕಾಯಬೇಕಿಲ್ಲ.