ಪುಟ ಮೀರಿದ ಕೋಷ್ಟಕ: ಕೊಪ್ಪಳ ಸೀಮೆಯ ಶಾಸನಾಧ್ಯಯನದ ಒಂದು ಅಲಕ್ಷಿತ ಪ್ರಶ್ನೆ

ಶಾಸನ, ಹಸ್ತಪ್ರತಿ, ಉಪಭಾಷೆಗಳನ್ನು ಕುರಿತ ಕನ್ನಡ ಸಂಶೋಧನೆಯು ತನ್ನ ಫಲಿತಗಳನ್ನು ಕೋಷ್ಟಕ, ವಂಶಾವಳಿ ಹಾಗೂ ನಕ್ಷೆಗಳ ರೂಪದಲ್ಲಿ ಮುಂದಿಡುವುದು ರೂಢಿ. ಇಂಥ ಪಟವು ಗ್ರಂಥದ ಪುಟಕ್ಕಿಂತ ದೊಡ್ಡದಾದಾಗ ಅದನ್ನು ಎಲ್ಲಿ ಕತ್ತರಿಸಬೇಕೆಂಬ ತೀರ್ಮಾನವನ್ನು ಮಾತ್ರ ಸಂಶೋಧಕರು ಅಚ್ಚುಕೂಟದವರಿಗೆ, ಇಲ್ಲವೆ ಗಣಕಯಂತ್ರಕ್ಕೆ ಬಿಟ್ಟುಕೊಡುತ್ತಾರೆ. ಓದುವವನು ತಪ್ಪು ನಿರ್ಣಯಕ್ಕೆ ಬರುವ ಸಂಭವ ಹುಟ್ಟುವುದು ಇಲ್ಲಿಯೇ. ಆದುದರಿಂದ ಪಟದ ವಿಭಜನೆಯನ್ನು ಮುದ್ರಣದ ಕೆಲಸವೆನ್ನುವುದಕ್ಕಿಂತ ಸಂಪಾದನೆಯ ಕೆಲಸವೆಂದು ಪರಿಗಣಿಸುವುದೇ ಯುಕ್ತ.

ಎರಂಬರಗೆಯ, ಎಂದರೆ ಇಂದಿನ ಯಲಬುರ್ಗಾದ, ಸಿಂದರ ವಂಶಾವಳಿಯನ್ನು ನೋಡಬಹುದು. ಕಲ್ಯಾಣ ಚಾಲುಕ್ಯರ ಮಾಂಡಲಿಕರಾಗಿದ್ದ ಈ ಮನೆತನದ ವೃಕ್ಷವನ್ನು ಜೆ.ಎಫ್. ಫ್ಲೀಟ್ 19ನೆಯ ಶತಮಾನದಲ್ಲಿಯೇ ಜೋಡಿಸಿಕೊಟ್ಟಿದ್ದಾನೆ. ಅದರ ಮೇಲಿನ ಒಂದು ತಲೆಮಾರಿನಲ್ಲಿ ಒಂದನೆಯ ಆಚುಗಿ ಮತ್ತು ಅವನ ಸಹೋದರರು ಸೇರಿ ಏಳು ಹೆಸರುಗಳು ಒಂದೇ ಅಡ್ಡಸಾಲಿನಲ್ಲಿ ನಿಲ್ಲಬೇಕು. ಡೆಮಿ ಅಷ್ಟದಳದ ಪುಟದಲ್ಲಿ ಏಳು ಹೆಸರುಗಳು ಅಡ್ಡಲಾಗಿ ಹಿಡಿಸುವುದಿಲ್ಲ. ನಾಲ್ಕನೆಯ ಹೆಸರಿನ ಬಳಿ ಪುಟ ಮುಗಿದು ಉಳಿದ ಮೂವರು ಮುಂದಿನ ಪುಟಕ್ಕೆ ಹೋದರೆ, ಅವರು ತಂದೆಯಿಲ್ಲದ ಬೇರೊಂದು ಕವಲಿನವರಂತೆ ತೋರುತ್ತಾರೆ. ಈ ವಂಶದಲ್ಲಿ ಹೆಸರುಗಳು ಮರಳಿ ಮರಳಿ ಬರುವುದರಿಂದ ತೊಡಕು ಇನ್ನೂ ಹೆಚ್ಚುತ್ತದೆ. ಆಚುಗಿಯರು ಮೂವರು, ಪೆರ್ಮಾಡಿಗಳು ಇಬ್ಬರು, ಚಾವುಂಡರೂ ಇಬ್ಬರು. ಇಮ್ಮಡಿ ಚಾವುಂಡನಿಗೆ ದೇಮಲದೇವಿ, ಸಿರಿಯಾದೇವಿ ಎಂಬ ಇಬ್ಬರು ರಾಣಿಯರು. ಇಬ್ಬರ ಮಕ್ಕಳೂ ವೃಕ್ಷದ ಕೊನೆಯ ಸಾಲಿನಲ್ಲಿ ಅಕ್ಕಪಕ್ಕದಲ್ಲಿ ಬರುತ್ತಾರೆ. ಜೋಡಿಸುವ ಗೆರೆ ಪುಟದ ಅಂಚಿನಲ್ಲಿ ತುಂಡಾಯಿತೆಂದರೆ ಯಾರು ಯಾರ ಮಗನೆಂಬುದು ಓದುಗನ ಊಹೆಗೆ ಬಿಟ್ಟ ವಿಷಯವಾಗುತ್ತದೆ. ವಂಶಾವಳಿಯನ್ನು ಅಗಲಕ್ಕೆ ಕತ್ತರಿಸದೆ ಕವಲಿನ ಬುಡದಲ್ಲಿ ಕತ್ತರಿಸಿ, ಪ್ರತಿ ಹೊಸ ಪುಟದ ನೆತ್ತಿಯಲ್ಲಿ ಮೂಲಪುರುಷನ ಹೆಸರನ್ನು ಮತ್ತೊಮ್ಮೆ ಬರೆದು ಹಿಂದಿನ ಪುಟದ ಸಂಖ್ಯೆಯನ್ನು ಸೂಚಿಸಿದರೆ ಈ ಅನಾಹುತ ತಪ್ಪುತ್ತದೆ.

ನಕ್ಷೆಯ ವಿಚಾರ ಬೇರೆ. ಭಾರತೀಯ ಸರ್ವೇಕ್ಷಣ ಇಲಾಖೆಯ ಹಳೆಯ ಹಾಳೆಗಳ ಕ್ರಮದಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕೂ ಪಟ್ಟಣಗಳು 57 ಎ ಎಂಬ ಒಂದೇ ಹಾಳೆಯೊಳಗೆ ಬರುತ್ತವೆ. ಯಲಬುರ್ಗಾ ಪಟ್ಟಣವಂತೂ 76ನೆಯ ರೇಖಾಂಶಕ್ಕೆ ಅಂಟಿಕೊಂಡಂತಿದೆ. ಆ ಗೆರೆಯಿಂದ ಪಶ್ಚಿಮಕ್ಕಿರುವ ಹಳ್ಳಿಗಳು 48 ಎಂ ಹಾಳೆಗೆ ಸೇರುತ್ತವೆ. ಇನ್ನೂ ದೊಡ್ಡ ಪ್ರಮಾಣದ ನಕ್ಷೆಗೆ ಹೋದರೆ ಕೊಪ್ಪಳ ಒಂದು ಹಾಳೆಗೆ, ಗಂಗಾವತಿ ಇನ್ನೊಂದು ಹಾಳೆಗೆ. ಇಲ್ಲಿ ಕತ್ತರಿ ಊರನ್ನಾಗಲಿ ಹೊಳೆಯನ್ನಾಗಲಿ ಲೆಕ್ಕಿಸುವುದಿಲ್ಲ. ಆದರೂ ಯಾರೂ ದಾರಿ ತಪ್ಪುವುದಿಲ್ಲ, ಏಕೆಂದರೆ ಪ್ರತಿ ಹಾಳೆಯ ಅಂಚಿನಲ್ಲಿ ಅಕ್ಷಾಂಶ ರೇಖಾಂಶಗಳೂ ನೆರೆಯ ಹಾಳೆಗಳ ಸಂಖ್ಯೆಗಳೂ ಮುದ್ರಿತವಾಗಿರುತ್ತವೆ. ಕತ್ತರಿಸಿದವನು ಕೂಡಿಸುವ ದಾರಿಯನ್ನೂ ಹೇಳಿದ್ದಾನೆ. ಈ ಸೌಜನ್ಯವನ್ನು ನಮ್ಮ ಮಹಾಪ್ರಬಂಧಗಳ ಅನುಬಂಧಗಳಲ್ಲಿ ಕಾಣುವುದು ಅಪರೂಪ.

ತಾಲ್ಲೂಕುವಾರು ಶಾಸನಪಟ್ಟಿಗಳಲ್ಲಿ ಇನ್ನೊಂದು ಬಗೆಯ ಸಮಸ್ಯೆಯಿದೆ. ಪಟ್ಟಿ ಉದ್ದವಾದೊಡನೆ ತಾಲ್ಲೂಕಿಗೊಂದು ಪುಟದಂತೆ ಹಂಚುವುದು ಸುಲಭೋಪಾಯ. ಹೀಗೆ ನಾಲ್ಕು ತಾಲ್ಲೂಕುಗಳಿಗೆ ಹಂಚಿದ್ದ ಪಟ್ಟಿಗಳು ಕುಕನೂರು, ಕನಕಗಿರಿ, ಕಾರಟಗಿ ಹೊಸ ತಾಲ್ಲೂಕುಗಳಾದ ಮೇಲೆ ಒಮ್ಮೆಲೇ ಹಳತಾದವು. 1112ರ ಇಟಗಿ ಮಹಾದೇವ ದೇವಾಲಯದ ಶಾಸನವನ್ನು ಯಲಬುರ್ಗಾದ ಪುಟದಲ್ಲಿ ಹುಡುಕಬೇಕೋ ಕುಕನೂರಿನ ಪುಟದಲ್ಲೋ? ಕುಕನೂರು ಶಾಸನಗಳ ಕಾಲಕ್ಕೆ ಬೆಳ್ವೊಲ ಮುನ್ನೂರರ ಅಗ್ರಹಾರವಾಗಿತ್ತು. ಆ ನಾಡಿನ ಬಹುಭಾಗ ಇಂದಿನ ಗದಗ ಜಿಲ್ಲೆಯಲ್ಲಿದೆ. ತಾಲ್ಲೂಕಿಗೆ ಒಂದು ಕಂಬಸಾಲನ್ನು ಕೊಟ್ಟು, ಪುಟಗಳನ್ನು ಕಾಲಾನುಕ್ರಮದಲ್ಲಿ ಮುರಿಯುವುದೇ ಬಾಳಿಕೆಯ ಕ್ರಮ.

ಗಣಕಯಂತ್ರ ಬಂದ ಮೇಲೆ ಈ ಕಷ್ಟ ಪರಿಹಾರವಾಯಿತೆಂಬ ಭಾವನೆ ಇದೆ. ವಾಸ್ತವದಲ್ಲಿ ಎಕ್ಸೆಲ್ ಅಗಲವಾದ ಕೋಷ್ಟಕವನ್ನು ಮುದ್ರಿಸುವಾಗ, ಬೇರೆ ಸೂಚನೆ ಕೊಡದಿದ್ದರೆ, ಮೊದಲು ಮೇಲಿನಿಂದ ಕೆಳಗಿನವರೆಗಿನ ಪುಟಗಳನ್ನು ಮುಗಿಸಿ ಅನಂತರ ಬಲಕ್ಕೆ ಸರಿಯುತ್ತದೆ. ಹೀಗಾಗಿ ಎರಡನೆಯ ಪುಟವು ಒಂದನೆಯದರ ಬಲಗಡೆಯ ಮುಂದುವರಿಕೆಯೆಂದು ತಿಳಿದವನು ಮೋಸಹೋಗುತ್ತಾನೆ. ತಲೆಸಾಲನ್ನೂ ಎಡಗಡೆಯ ಕಂಬಸಾಲನ್ನೂ ಪ್ರತಿ ಪುಟದಲ್ಲಿ ಪುನರಾವರ್ತಿಸುವ ಸೌಲಭ್ಯ ಅದರಲ್ಲಿಯೇ ಉಂಟು, ಬಳಸುವವರು ಕಡಿಮೆ. ಎಲ್ಲವನ್ನೂ ಒಂದೇ ಪುಟಕ್ಕೆ ಕುಗ್ಗಿಸುವ ಉಪಾಯ ಇಂಗ್ಲಿಷಿಗೆ ಕೆಲಮಟ್ಟಿಗೆ ಸಲ್ಲಬಹುದು. ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಅಕ್ಷರ ಚಿಕ್ಕದಾದಷ್ಟೂ ಅವು ಮಸಿಯ ಚುಕ್ಕೆಗಳಾಗುತ್ತವೆ. ಶಾಸನಪಾಠದಲ್ಲಿ ಒಂದು ಒತ್ತು ಅಳಿದರೆ ಪಾಠವೇ ಅಳಿದಂತೆ.

ಹಿಂದಿನವರು ಮಡಿಕೆಯ ಹಾಳೆಯನ್ನು ಅವಲಂಬಿಸಿದ್ದರು. ನಮ್ಮ ಕಡತವೂ ಮಡಿಕೆಯದೇ, ಆದರೆ ಅದು ಮಡಿಚಲೆಂದೇ ಹುಣಿಸೆಬೀಜದ ಸರಿ ಬಳಿದು ಗಟ್ಟಿಮಾಡಿದ ಬಟ್ಟೆ. ಗ್ರಂಥದ ಬೆನ್ನಿಗೆ ಅಂಟಿಸಿದ ತೆಳುಗಾಗದ ಗ್ರಂಥಾಲಯದಲ್ಲಿ ಹತ್ತು ಕೈ ದಾಟುವಷ್ಟರಲ್ಲಿ ಮಡಿಕೆಯಲ್ಲಿಯೇ ಹರಿಯುತ್ತದೆ. ಹಳೆಯ ಸಂಪುಟಗಳನ್ನು ಗಣಕೀಕರಿಸಿದಾಗ ಇಂಥ ಹಾಳೆಗಳನ್ನು ಬಿಡಿಸದೆ ಮಡಿಚಿದಂತೆಯೇ ಚಿತ್ರಿಸಿರುವುದೂ ಉಂಟು.

ಈ ಎಲ್ಲ ಪ್ರಶ್ನೆಗಳೂ ಒಟ್ಟಾಗಿ ಎದುರಾಗುವುದು ಅಶೋಕನ ಕಿರು ಬಂಡೆಗಲ್ಲು ಶಾಸನಗಳ ತೌಲನಿಕ ಕೋಷ್ಟಕದಲ್ಲಿ. ಬಿ.ಎಲ್. ರೈಸ್ 1892ರಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಪಾಠಗಳನ್ನು ಬೆಳಕಿಗೆ ತಂದಾಗ ಮೂರು ಕಂಬಸಾಲು ಸಾಕಿತ್ತು. 1915ರಲ್ಲಿ ಮಸ್ಕಿ, 1931ರಲ್ಲಿ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, 1970ರ ದಶಕದ ಕೊನೆಗೆ ನಿಟ್ಟೂರು ಮತ್ತು ಉದೇಗೊಳಂ ಸೇರಿ ಕರ್ನಾಟಕದ ಪಾಠಗಳೇ ಎಂಟಾದವು. ಪಾಲ್ಕಿಗುಂಡಿನ ಪಾಠ ಬಹಳ ಸವೆದಿದೆ; ಅದರ ಲುಪ್ತಭಾಗಗಳನ್ನು ಗವಿಮಠದ ಪಾಠದ ಪಕ್ಕದಲ್ಲಿಟ್ಟೇ ಓದಬೇಕು. ನಾಲ್ಕು ನಾಲ್ಕಾಗಿ, ಮಧ್ಯದಲ್ಲಿ ಕತ್ತರಿಸಿದರೆ ಮಸ್ಕಿಯವರೆಗೆ ಒಂದು ಪುಟ, ಕೊಪ್ಪಳದಿಂದ ಮುಂದೆ ಇನ್ನೊಂದು. ಐದು ಮೂರಾಗಿ ಕತ್ತರಿಸಿದರೆ ಗವಿಮಠವೂ ಪಾಲ್ಕಿಗುಂಡೂ ಅಗಲುತ್ತವೆ. ಇದಕ್ಕಿಂತ ಕೋಷ್ಟಕವನ್ನೇ ತಿರುಗಿಸುವುದು ಲೇಸು. ಒಂದೊಂದು ಪದಗುಚ್ಛಕ್ಕೂ ಎಂಟು ಪಾಠಗಳನ್ನು ಒಂದರ ಕೆಳಗೊಂದು, ಎಡಗಡೆ ಸ್ಥಳನಾಮದ ಸಂಕೇತದೊಡನೆ ಬರೆದು, ಪುಟವನ್ನು ಪದಗುಚ್ಛದ ಕೊನೆಯಲ್ಲಿ ಮಾತ್ರ ಮುರಿದರೆ, ಮುಂದೆ ಒಂಬತ್ತನೆಯ ಶಾಸನ ದೊರೆತರೂ ಪ್ರತಿ ಗುಂಪಿಗೆ ಒಂದು ಸಾಲು ಕೂಡಿಸಿದರಾಯಿತು.