ನಾಲ್ಕು ಮಿಲಿಮೀಟರ್ ಜರಡಿ ಮತ್ತು ಪ್ಲಾಸ್ಟಿಕ್ ತಿನ್ನುವ ಜೀವಿ

ಮುಂಬಯಿ ಬಳಿಯ ಭಿವಂಡಿ, ಕಲ್ಯಾಣ, ಡೊಂಬಿವಲಿಯ ಯಾವುದಾದರೂ ಉಡುಪಿ ಹೋಟೆಲಿನ ಮುಂದೆ ಬೆಳಿಗ್ಗೆ ನಿಂತು ನೋಡಿ. ಇಡ್ಲಿ ಪಾರ್ಸೆಲ್ ಜೊತೆ ತೆಳು ಚೀಲದಲ್ಲಿ ಬಿಸಿ ಸಾಂಬಾರು, ಇನ್ನೊಂದರಲ್ಲಿ ಚಟ್ನಿ. ಮನೆಗೆ ಬಂದ ಮೇಲೆ ಗಂಟು ಬಿಚ್ಚುವಷ್ಟು ತಾಳ್ಮೆ ಯಾರಿಗಿದೆ? ಮೂಲೆ ಕತ್ತರಿಸಿ ಸುರಿದುಕೊಳ್ಳುತ್ತೇವೆ. ಸಾಂಬಾರು ಅಂಟಿದ ಚೀಲವೂ ಕತ್ತರಿಸಿದ ಚೂರೂ ಹಸಿ ಕಸದ ಬುಟ್ಟಿಗೆ ಬೀಳುತ್ತವೆ. ಆ ಚೂರು ಕಾಂಪೋಸ್ಟ್ ಘಟಕ ಹೊಕ್ಕು, ಗೊಬ್ಬರದೊಡನೆ ಹೊಲಕ್ಕಿಳಿಯುತ್ತದೆ.

ಪ್ಲಾಸ್ಟಿಕ್ ತಿನ್ನುವ ಸೂಕ್ಷ್ಮಜೀವಿಗಳ ಸುದ್ದಿ ಬಂದಾಗಲೆಲ್ಲ, ಈ ತೊಂದರೆಯನ್ನು ಅವೇ ನೋಡಿಕೊಳ್ಳುತ್ತವೆ ಎಂಬ ನಿರಾಳ ಹುಟ್ಟುತ್ತದೆ. ವಿಜ್ಞಾನದ ಸಾಧನೆ ನಿಜವಾದದ್ದೇ. ಎಲೆ, ರೆಂಬೆಗಳ ಕಾಂಪೋಸ್ಟ್‌ನಲ್ಲಿ ಪೆಟ್ (ನೀರಿನ ಬಾಟಲಿಯ) ಪ್ಲಾಸ್ಟಿಕ್ ಕತ್ತರಿಸುವ, ಸೂಕ್ಷ್ಮಜೀವಿಯ ಕಿಣ್ವವನ್ನು ಜಪಾನಿನ ಸಂಶೋಧಕರು 2012ರಲ್ಲಿ ಗುರುತಿಸಿದರು. ಫ್ರಾನ್ಸಿನ ವಿಜ್ಞಾನಿಗಳು ಅದನ್ನೇ ಪಳಗಿಸಿ, 72 ಡಿಗ್ರಿ ಶಾಖದಲ್ಲಿ 10 ಗಂಟೆಯೊಳಗೆ ಶೇ 90ರಷ್ಟು ಪೆಟ್ ಒಡೆದದ್ದನ್ನು 2020ರಲ್ಲಿ ಪ್ರಕಟಿಸಿದರು.

ಆದರೆ ಅದು ಮೊದಲೇ ಮೆದುಗೊಳಿಸಿ, ನುಣ್ಣಗೆ ಪುಡಿ ಮಾಡಿದ ಪ್ಲಾಸ್ಟಿಕ್. ನಡೆದದ್ದು ಹದ ತಪ್ಪದಂತೆ ಕಾಯುವ ತೊಟ್ಟಿಯಲ್ಲಿ. ನಮ್ಮ ಕಸದ ರಾಶಿಯ ಕಥೆಯೇ ಬೇರೆ. ಪೆಟ್‌ನ ಸರಪಳಿಯಲ್ಲಿ ಎಸ್ಟರ್ ಎಂಬ ಕೊಂಡಿಗಳಿವೆ. ಕಿಣ್ವ ನೀರಿನ ನೆರವಿನಿಂದ ಅವನ್ನು ಬಿಡಿಸುತ್ತದೆ. ಸಾಂಬಾರಿನ ಚೀಲ ಹೆಚ್ಚಾಗಿ ಪಾಲಿಥೀನಿನದು. ಅದರಲ್ಲಿ ಇಂಗಾಲಕ್ಕೆ ಇಂಗಾಲ ಬಿಗಿದ ಸರಪಳಿಯಷ್ಟೇ ಇದೆ, ಈ ಕಿಣ್ವಕ್ಕೆ ಹಿಡಿತ ಸಿಗುವ ಕೊಂಡಿಯೇ ಇಲ್ಲ. ಭಿವಂಡಿಯ ಪವರ್‌ಲೂಮ್‌ಗಳಲ್ಲಿ ನೇಯುವ ಪಾಲಿಯೆಸ್ಟರ್ ಮಾತ್ರ ಪೆಟ್‌ನ ಬಳಗದ್ದೇ. ಆದರೂ ನೂಲಾಗಿ ಎಳೆದಾಗ ಅದರ ಅಣುಗಳು ಒತ್ತೊತ್ತಾಗಿ ಕೂಡಿಕೊಳ್ಳುವುದರಿಂದ ಕಿಣ್ವ ಒಳಹೋಗಲು ಪರದಾಡುತ್ತದೆ.

ಕಾಂಪೋಸ್ಟ್ ರಾಶಿಯಲ್ಲೇ ನಡೆದ ಪ್ರಯೋಗವೂ ಇದೆ. ಚೀನಾದಲ್ಲಿ ಕೊಳಚೆ ಕೆಸರನ್ನು ಅತಿ ಹೆಚ್ಚು ಶಾಖದಲ್ಲಿ 45 ದಿನ ಕಾಂಪೋಸ್ಟ್ ಮಾಡಿದಾಗ ಶೇ 43.7ರಷ್ಟು ಮೈಕ್ರೊಪ್ಲಾಸ್ಟಿಕ್ ಕಡಿಮೆಯಾಯಿತೆಂದು 2020ರಲ್ಲಿ ವರದಿಯಾಯಿತು. ದೊಡ್ಡ ಸಾಧನೆಯೇ ಸರಿ. ಆದರೂ ಅರ್ಧಕ್ಕಿಂತ ಹೆಚ್ಚು ಅಲ್ಲೇ ಉಳಿಯಿತು.

ಇನ್ನು ನಮ್ಮ ಕಾನೂನು ನೋಡಿ. 1985ರ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ನಗರ ಕಾಂಪೋಸ್ಟ್‌ನ ಕನಿಷ್ಠ ಶೇ 90 ಭಾಗ 4 ಮಿ.ಮೀ. ಜರಡಿಯನ್ನು ದಾಟಬೇಕು. ಮೈಕ್ರೊಪ್ಲಾಸ್ಟಿಕ್ ಎಂದರೆ 5 ಮಿ.ಮೀ.ಗಿಂತ ಚಿಕ್ಕ ಚೂರು. ಅಂದರೆ ಜರಡಿ ದೊಡ್ಡ ಚೀಲವನ್ನು ತಡೆದು, ಚೂರಾದದ್ದನ್ನು ಗೊಬ್ಬರವೆಂದು ಹೊಲಕ್ಕೆ ಬಿಡುತ್ತದೆ. ಆದೇಶದಲ್ಲಿ ಸೀಸ, ಪಾದರಸ, ಕ್ಯಾಡ್ಮಿಯಂ ಸೇರಿ ಎಂಟು ಲೋಹಧಾತುಗಳಿಗೆ ಮಿತಿ ಇದೆ, ಪ್ಲಾಸ್ಟಿಕ್‌ಗೆ ಇಲ್ಲ. ಐರೋಪ್ಯ ಒಕ್ಕೂಟ ತನ್ನ 2019ರ ನಿಯಮದಲ್ಲೇ 2 ಮಿ.ಮೀ.ಗಿಂತ ದೊಡ್ಡ ಪ್ಲಾಸ್ಟಿಕ್ ಚೂರು ಒಂದು ಕಿಲೊ ಕಾಂಪೋಸ್ಟ್‌ನಲ್ಲಿ ಎಷ್ಟು ಗ್ರಾಂ ಇರಬಹುದೆಂದು ಗೊತ್ತುಮಾಡಿದೆ.

ಹಾಗಾಗಿ ಕೆಲಸವನ್ನು ಹಂಚಿಕೊಳ್ಳಬೇಕು. ಕೈಯಿಂದ ಬೇರ್ಪಡಿಸಲು ಸಾಧ್ಯವಾದದ್ದನ್ನು ಕೈಯಿಂದಲೇ, ಅದೂ ಮನೆ ಮತ್ತು ಹೋಟೆಲಿನ ಮಟ್ಟದಲ್ಲೇ ಬೇರ್ಪಡಿಸಬೇಕು. ಇದು ಆಗದ ಮಾತಲ್ಲ. ಕಸ ನಿರ್ವಹಣೆಯಲ್ಲಿ ಸೋತಿದ್ದಕ್ಕೆ ಕಲ್ಯಾಣ-ಡೊಂಬಿವಲಿ ಪಾಲಿಕೆಯಲ್ಲಿ ಹೊಸ ಕಟ್ಟಡಗಳ ಅನುಮತಿಯನ್ನೇ ಬಾಂಬೆ ಹೈಕೋರ್ಟ್ 2015ರಲ್ಲಿ ತಡೆದಿತ್ತು. ಅದೇ ಪಾಲಿಕೆ 2021ರಲ್ಲಿ ಆಧಾರವಾಡಿ ಡಂಪಿಂಗ್ ಮೈದಾನಕ್ಕೆ ಕಸ ಸುರಿಯುವುದನ್ನು ನಿಲ್ಲಿಸಿತು. ಪಾತ್ರೆ ತಂದವರಿಗೆ ಸಾಂಬಾರು ಪಾತ್ರೆಗೇ ಹಾಕಿಕೊಡುವ ರೂಢಿಯನ್ನು ನಮ್ಮ ಹೋಟೆಲಿನವರು ಮತ್ತೆ ತರಬಹುದು.

ಸೂಕ್ಷ್ಮಜೀವಿಗಳನ್ನು ದುಡಿಸಬೇಕಾದದ್ದು ಕೈಗೆ ಸಿಗದ ಕಡೆ. ಪಾಲಿಯೆಸ್ಟರ್ ಬಟ್ಟೆ ಒಗೆದಾಗ ಕಣ್ಣಿಗೆ ಕಾಣದ ಎಳೆಗಳು ಚರಂಡಿ ಸೇರಿ, ಕೊಳಚೆ ಶುದ್ಧೀಕರಣ ಘಟಕದ ಕೆಸರಿನಲ್ಲಿ ಕೂರುತ್ತವೆ. ಅವನ್ನು ಯಾವ ಪೌರಕಾರ್ಮಿಕರೂ ಆರಿಸಲಾರರು. ಹೆಚ್ಚು ಶಾಖದ ಕಾಂಪೋಸ್ಟ್ ಪ್ರಯೋಗಕ್ಕೆ ಭಿವಂಡಿಯಂಥ ಜವಳಿ ಊರಿನ ಕೆಸರಿಗಿಂತ ತಕ್ಕ ಜಾಗ ಇನ್ನಾವುದು?

ಆ ಪ್ರಯೋಗ ಫಲ ಕೊಡುವವರೆಗೆ ಗೊಬ್ಬರದ ಮಾನದಂಡಕ್ಕೆ ಒಂದು ಸಾಲು ಸೇರಲಿ: ಕಿಲೊಗೆ ಇಷ್ಟು ಗ್ರಾಂಗಿಂತ ಹೆಚ್ಚು ಪ್ಲಾಸ್ಟಿಕ್ ಇರಕೂಡದು. ಆ ಲೆಕ್ಕ ಗೊಬ್ಬರದ ಚೀಲದ ಮೇಲೂ ಅಚ್ಚಾಗಲಿ. ಹಣ ಕೊಟ್ಟು ಗೊಬ್ಬರ ಕೊಳ್ಳುವ ರೈತ ತನ್ನ ಮಣ್ಣಿಗೆ ಏನು ಹಾಕುತ್ತಿದ್ದೇನೆಂದು ಓದಿ ತಿಳಿಯಲಿ.