ವಿಜ್ಞಾನ ವಿಚಾರ: ಜೀವಕೋಶದ ಸೆಳೆತವನ್ನು ಅಳೆಯುವ ಎಳೆ

ರಾಣೆಬೆನ್ನೂರಿನ ಹತ್ತಿಯ ಪೇಟೆಯನ್ನು ಕಂಡ ನಮ್ಮ ವಾಚಕರಿಗೆ ಎಳೆಯ ಕಸುವನ್ನು ಪರೀಕ್ಷಿಸುವ ರೀತಿಯು ಹೊಸತಲ್ಲ. ಬೆರಳುಗಳ ನಡುವೆ ಹಿಡಿದು ಜಗ್ಗಿದರೆ, ಅದು ಹರಿಯುವ ರೀತಿಯಿಂದಲೇ ಗಟ್ಟಿಯೋ ಪೊಳ್ಳೋ ತಿಳಿಯುವುದು. ಇದನ್ನೇ ತಿರುವಿ ನೋಡೋಣ: ಎಳೆಯ ಕಸುವು ಮೊದಲೇ ಗೊತ್ತಿದ್ದರೆ, ಅದು ಹರಿದುದರಿಂದ ಜಗ್ಗಿದ ಕೈಯ ಬಲವನ್ನು ಅರಿಯಬಹುದಷ್ಟೆ. ಈ ಯುಕ್ತಿಯಿಂದಲೇ ಈಗ ವಿಜ್ಞಾನಿಗಳು ಒಂದೊಂದು ಜೀವಕೋಶದ ಸೆಳೆತವನ್ನು ಅಳೆಯುತ್ತಿರುವರು.

ಜೀವಕೋಶವು ಸುಮ್ಮನೆ ಬಿದ್ದಿರುವ ರಸದ ಚೀಲವಲ್ಲ. ಅದು ತನ್ನ ನೆರೆಯನ್ನು ಹಿಡಿಯುವುದು, ಜಗ್ಗುವುದು, ತಡವಿ ನೋಡುವುದು. ಅಡಿಗೆಮನೆಯಲ್ಲಿ ಈಳಿಗೆ ತಗಲಿ ಬೆರಳು ಕುಯ್ದಾಗ, ರಕ್ತದೊಳಗಿನ ಪ್ಲೇಟ್‌ಲೆಟ್ ಎಂಬ ಅತಿ ಸಣ್ಣ ಕಣಗಳು ಒಂದಕ್ಕೊಂದು ಅಂಟಿಕೊಂಡು ಹೆಪ್ಪನ್ನು ಬಿಗಿಯುವುವು. ಆ ಬಿಗಿತವು ಸಾಲದಿದ್ದರೆ ರಕ್ತವು ನಿಲ್ಲದು. ಬೇಡದ ಕಡೆಯಲ್ಲಿ ಹೆಪ್ಪುಗಟ್ಟಿದರೆ ಹೃದಯಕ್ಕೇ ಕೇಡು. ಆದುದರಿಂದ ಈ ಸೆಳೆತದ ಲೆಕ್ಕವು ವಿದ್ವಾಂಸರ ಕುತೂಹಲವಷ್ಟೇ ಅಲ್ಲ.

ಆದರೆ ಅದನ್ನು ತೂಗುವ ತಕ್ಕಡಿ ಯಾವುದು? ಒಂದು ಗ್ರಾಮಿನ ಭಾರವನ್ನು ಸುಮಾರು ಸಾವಿರ ಕೋಟಿ ಪಾಲು ಮಾಡಿದರೆ ಒಂದು ಪಾಲಿಗೆ ಪೈಕೋನ್ಯೂಟನ್ ಎಂದು ಹೆಸರು. ಜೀವಕೋಶದ ಒಂದೊಂದು ಹಿಡಿಕೆಯ ಬಲವು ಇಂಥ ಕೆಲವು ಪಾಲುಗಳಿಂದ ಕೆಲವು ಹತ್ತು ಪಾಲುಗಳಷ್ಟು. ಬ್ಯಾಡಗಿ ಮೆಣಸಿನಕಾಯಿಯ ಒಂದು ಬೀಜವೂ ಈ ತಕ್ಕಡಿಗೆ ಬೆಟ್ಟವೇ ಸರಿ!

ಇಲ್ಲಿ ನೆರವಿಗೆ ಬಂದುದು ಡಿ.ಎನ್.ಎ. ವಂಶಗುಣಗಳನ್ನು ಹೊತ್ತಿರುವ ಈ ಜೋಡಿ ಎಳೆಯನ್ನು ಬೇಕಾದ ಉದ್ದಕ್ಕೆ, ಬೇಕಾದ ಕ್ರಮದಲ್ಲಿ ರಚಿಸಬಹುದಾಗಿದೆ; ಆದುದರಿಂದ ಅದರ ಕಸುವೂ ಮೊದಲೇ ಗೊತ್ತು. ಒಂದೇ ಎಳೆಯನ್ನು ಎರಡು ಬಗೆಯಾಗಿ ಜಗ್ಗಬಹುದೆಂಬುದು ಇದರ ಸೊಗಸು. ಹೊಲಿಗೆ ಬಲ್ಲ ಗೃಹಿಣಿಯರಿಗೆ ಇದು ಬೇಗ ತಿಳಿಯುವುದು. ಜೋಡಿಸಿ ಹೊಲಿದ ಎರಡು ಪಟ್ಟಿಗಳನ್ನು ಒಂದೇ ತುದಿಯಿಂದ ಬಿಡಿಸಿದರೆ ಹೊಲಿಗೆಗಳು ಒಂದೊಂದಾಗಿ ಸುಲಭವಾಗಿ ಕೀಳುವುವು. ಪಟ್ಟಿಗಳ ಎದುರುಬದುರು ತುದಿಗಳನ್ನು ಹಿಡಿದು ಉದ್ದಕ್ಕೆ ಜಗ್ಗಿದರೆ ಎಲ್ಲ ಹೊಲಿಗೆಗಳೂ ಒಟ್ಟಾಗಿ ತಡೆಯುವುವು. ಮೊದಲ ಬಗೆಗೆ ಸುಮಾರು ೧೨ ಪೈಕೋನ್ಯೂಟನ್ ಸಾಕು, ಎರಡನೆಯದಕ್ಕೆ ೫೬ರವರೆಗೂ ಬೇಕು.

೨೦೧೩ರಲ್ಲಿ ಅಮೆರಿಕೆಯ ತೇಕ್‌ಜಿಪ್ ಹಾ ಮತ್ತು ಅವರ ಸಹೋದ್ಯೋಗಿಯು ಇಂಥ ಎಳೆಗಳನ್ನು ಗಾಜಿಗೆ ಕಟ್ಟಿ, ಅವುಗಳ ಮೇಲೆ ಜೀವಕೋಶಗಳನ್ನು ಬಿಟ್ಟರು. ಕೋಶವು ನೆಲೆಯೂರಿ ಹರಡಿಕೊಳ್ಳಬೇಕಾದರೆ ಒಂದೊಂದು ಹಿಡಿಕೆಯ ಮೇಲೆ ಸುಮಾರು ೪೦ ಪೈಕೋನ್ಯೂಟನ್ ಬಲವು ಬೇಕೆಂದು ಕಂಡರು. ಮರುವರ್ಷವೇ ಎಮೊರಿ ವಿಶ್ವವಿದ್ಯಾಲಯದ ಖಾಲಿದ್ ಸಲೈತಾ ಮೊದಲಾದವರು ಮಡಿಕೆಯಾಗಿರುವ ಎಳೆಯನ್ನು ಬಳಕೆಗೆ ತಂದರು. ಜಗ್ಗಿದಾಗ ಅದು ಬಿಚ್ಚಿಕೊಂಡು ಹೊಳೆಯುವುದು; ಬಿಟ್ಟರೆ ಮತ್ತೆ ಮಡಚಿ ಮಂಕಾಗುವುದು.

ನಮ್ಮ ನಾಡೂ ಈ ವಿದ್ಯೆಗೆ ಹೊರಗಲ್ಲ. ೨೦೦೯ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಯಮುನಾ ಕೃಷ್ಣನ್ ಮತ್ತು ಅವರ ಸಂಗಡಿಗರು ಡಿ.ಎನ್.ಎ.ಯಿಂದಲೇ ಒಂದು ಸಣ್ಣ ಯಂತ್ರವನ್ನು ರಚಿಸಿ, ಜೀವಂತ ಕೋಶದೊಳಗಿನ ಹುಳಿಯನ್ನು ಅಳೆದರು. ಅಳೆದುದು ಸೆಳೆತವನ್ನಲ್ಲ, ನಿಜ, ಆದರೆ ಡಿ.ಎನ್.ಎ.ಯನ್ನು ಅಳತೆಗೋಲಾಗಿ ಕೋಶದೊಳಕ್ಕೆ ಕಳುಹಿಸಬಹುದೆಂದು ತೋರಿಸಿದ ಮೊದಲಿಗರಲ್ಲಿ ಅವರೂ ಒಬ್ಬರು. ೨೦೧೪ರಲ್ಲಿ ಅವರು ಶಿಕಾಗೋ ವಿಶ್ವವಿದ್ಯಾಲಯಕ್ಕೆ ತೆರಳಿದುದು ನಮಗೆ ನಷ್ಟವೆಂದೇ ನಾವು ಎಣಿಸುವೆವು.

ಈ ಎಳೆಗಳಿಗೆ ಒಂದು ತೊಡಕುಂಟು. ಡಿ.ಎನ್.ಎ.ಯನ್ನು ಕತ್ತರಿಸುವ ಕಿಣ್ವಗಳು ಜೀವಕೋಶಗಳಲ್ಲಿಯೇ ಇರುವುವು. ಎಳೆ ಹರಿದುದು ಜಗ್ಗಿದ್ದರಿಂದಲೋ ಕತ್ತರಿ ಆಡಿದ್ದರಿಂದಲೋ ಎಂಬ ಸಂದೇಹವು ಉಳಿಯುವುದು. ಇದನ್ನು ತಪ್ಪಿಸಲು ಆ ಕಿಣ್ವಗಳಿಗೆ ದಕ್ಕದ ಬೇರೆ ಬಗೆಯ ಎಳೆಗಳನ್ನು ಹೆಣೆಯುತ್ತಿರುವರು. ಈ ಅಳತೆಗಳಲ್ಲಿ ಹೆಚ್ಚಿನವು ಇಂದಿಗೂ ಗಾಜಿನ ಮೇಲೆಯೇ ನಡೆಯುತ್ತಿವೆ.